ಇಸ್ನೋಫಿಲ್ ಏರಿದೆ ಅಂತ ರಿಪೋರ್ಟ್ ಬಂದ್ರೆ ಮೊದ್ಲು ಏನು ನೋಡ್ಬೇಕು

ಪ್ರಶ್ನೆ: ನಮ್ಮನೆಯವರಿಗೆ 43 ವರ್ಷ. ಶಿರಸಿ ಹತ್ರ ಅಡಿಕೆ ತೋಟ, ಅದಕ್ಕೂ ಮುಂಚೆ ಹತ್ತು ವರ್ಷ ಕುಮಟಾದಲ್ಲಿ ಅಂಗಡಿ ಇಟ್ಕೊಂಡಿದ್ರು. ನಾಲ್ಕು ತಿಂಗಳಿಂದ ರಾತ್ರಿ ಒಂದೂವರೆ ಎರಡು ಗಂಟೆಗೆ ಎದ್ದು ಕೂತು ಕೆಮ್ಮೋದು, ಎದೆಯಲ್ಲಿ ಸುಂಯ್ ಅಂತ ಸದ್ದು, ಸಂಜೆ ಮೈ ಬೆಚ್ಚಗೆ, ತೂಕ ಐದು ಕೆಜಿ ಇಳಿದಿದೆ. ಹಗಲು ಅಷ್ಟಿಲ್ಲ. ರಕ್ತ ಪರೀಕ್ಷೆಲಿ ಒಟ್ಟು ಬಿಳಿ ರಕ್ತಕಣ 11,800, ಇಸ್ನೋಫಿಲ್ 33 ಪರ್ಸೆಂಟ್. ಎಕ್ಸ್‌ರೇಲಿ ಎರಡೂ ಕಡೆ ಸಣ್ಣ ಸಣ್ಣ ಚುಕ್ಕೆ, ಒಬ್ಬ ಡಾಕ್ಟ್ರು ಟಿಬಿ ಇರಬಹುದು ಅಂದಿದಾರೆ, ಕಫ ಇನ್ನೂ ಟೆಸ್ಟ್ ಆಗಿಲ್ಲ. ಇದಕ್ಕೂ ಮೊದ್ಲು ಎರಡು ಸಲ ಮೆಡಿಕಲ್ ಶಾಪಲ್ಲಿ ಕೇಳಿ ಐದೈದು ದಿನ ವೈಸೋಲೋನ್, ಜೊತೆಗೆ ಬಾನೋಸೈಡ್ ತಗೊಂಡಿದ್ರು. ಎರಡೂ ಸಲ ಆರಾಮಾಯ್ತು, ಮಾತ್ರೆ ತಗೊಳ್ತಾ ಇದ್ದಾಗ ಟೆಸ್ಟ್ ಮಾಡ್ಸಿದ್ರೆ ಇಸ್ನೋಫಿಲ್ 2 ಪರ್ಸೆಂಟ್ ಬಂತು, ಆದ್ರೆ ಹದಿನೈದು ದಿನಕ್ಕೆ ಮತ್ತೆ ಶುರು. ಈಗ ಒಂದು ತಿಂಗಳಿಂದ ಯಾವ ಮಾತ್ರೆನೂ ಇಲ್ಲ. ನಾದಿನಿಗೂ ಅಸ್ತಮಾ ಇದೆ, ಅವಳದ್ದು ಒಟ್ಟು 7,400, ಇಸ್ನೋಫಿಲ್ 9 ಪರ್ಸೆಂಟ್. ಇದು ಮನೆತನದ ಕಾಯಿಲೆನಾ? ಮಕ್ಕಳಿಗೆ ಹರಡ್ತದಾ? ಬಾಳೆಹಣ್ಣು, ಮೊಸರು ಬಿಡ್ಸಿದೀನಿ. ಶಿರಸಿಲೇ ತೋರಿಸ್ಲಾ, ಇಲ್ಲಾ ಹುಬ್ಬಳ್ಳಿ ಮಣಿಪಾಲ ಅಂತ ಹೋಗ್ಬೇಕಾ?

ಉತ್ತರ: ಇಸ್ನೋಫಿಲ್ ಅಂದ್ರೆ ಬಿಳಿ ರಕ್ತಕಣದಲ್ಲೇ ಒಂದು ಬಗೆ, ಹುಳ, ಅಲರ್ಜಿ ಇಂಥದ್ದಿದ್ದಾಗ ಜಾಸ್ತಿ ಆಗೋದು. ನೀವು ಬರೆದಿದ್ರಲ್ಲಿ 33 ಪರ್ಸೆಂಟ್‌ಗಿಂತ ನನ್ನ ಗಮನ ಹೋಗಿದ್ದು ಆ 2 ಪರ್ಸೆಂಟ್ ಮೇಲೆ. ವೈಸೋಲೋನ್ ಅಂದ್ರೆ ಪ್ರೆಡ್ನಿಸೋಲೋನ್, ಸ್ಟಿರಾಯ್ಡ್. ಅದು ಹೊಟ್ಟೆಗೆ ಹೋಗಿ ಕೆಲವೇ ತಾಸಿನಲ್ಲಿ ರಕ್ತದಲ್ಲಿರೋ ಇಸ್ನೋಫಿಲ್ ಇಳಿದು ಹೋಗ್ತದೆ, ಕಾರಣ ಯಾವ್ದೇ ಇರಲಿ, ಹುಳ ಇರಲಿ ಅಲರ್ಜಿ ಇರಲಿ ಫಂಗಸ್ ಇರಲಿ. ಹಾಗಾಗಿ ಆ ಮಾತ್ರೆ ತಗೊಳ್ತಾ ಇರುವಾಗ ಮಾಡ್ಸಿದ ಟೆಸ್ಟಲ್ಲಿ 2 ಬಂತು ಅಂದ್ರೆ ಕಾಯಿಲೆ ಹೋಯ್ತು ಅಂತ ಅರ್ಥ ಅಲ್ಲ, ಆ ರಿಪೋರ್ಟಿಂದ ನಮಗೆ ಏನೂ ಗೊತ್ತಾಗಲ್ಲ ಅಷ್ಟೇ. ನಮ್ಮ ಜಿಲ್ಲೆಲಿ ಕರಾವಳಿಲೂ ಘಟ್ಟದ ಮೇಲೂ ದಿನಾ ನೋಡ್ತಾ ಇರೋದು ಇದೇ, ಯಾರಿಗೋ ಕೆಮ್ಮು ದಮ್ಮು, ಇಸ್ನೋಫಿಲ್ ಜಾಸ್ತಿ ಅಂತ ಒಂದು ಚೀಟಿ, ತಕ್ಷಣ ಐದು ದಿನದ ಸ್ಟಿರಾಯ್ಡ್, ಕೆಮ್ಮು ನಿಂತ್ಹೋಗ್ತದೆ, ಯಾಕೆ ಬಂತು ಅಂತ ಯಾರೂ ಕೇಳಲ್ಲ. ತಿಂಗಳು ಕಳೆದು ಮತ್ತೆ ಬರ್ತದೆ, ಮತ್ತೆ ಅದೇ ಮಾತ್ರೆ. ಹೀಗೆ ವರ್ಷಗಟ್ಟಲೆ ನಡೆದು ಶ್ವಾಸಕೋಶ ಗಟ್ಟಿಯಾಗಿ ಹೋದ್ಮೇಲೆ ಬರೋರೂ ಇದಾರೆ. ಅದಕ್ಕೇ ನಾನು ಎಲ್ರಿಗೂ ಹೇಳೋದು ಒಂದೇ, ಮೊದ್ಲು ಟೆಸ್ಟು, ಆಮೇಲೆ ಹುಳದ್ದು ಇದ್ದರೆ ಅದರ ಔಷಧಿ, ಸ್ಟಿರಾಯ್ಡ್ ಬೇಕೇ ಬೇಕು ಅಂತ ಆದ್ರೆ ಅದು ಕೊನೆಗೆ. ಈ ಕ್ರಮ ತಪ್ಪಿದ್ರೆ ಬಹಳ ತೊಂದ್ರೆ. ನಿಮ್ಮ ಯಜಮಾನ್ರು ಒಂದು ತಿಂಗಳಿಂದ ಏನೂ ತಗೊಂಡಿಲ್ಲ ಅಂದಿದೀರಲ್ಲ, ಅದು ಒಳ್ಳೇದೇ ಆಯ್ತು, ಈಗಿನ 33 ನಂಬಬಹುದಾದ ಲೆಕ್ಕ.

ಲೆಕ್ಕ ಅಂದೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ಊರ ಕಡೆ ಲ್ಯಾಬ್‌ಗಳಲ್ಲಿ ಬರೀ ಪರ್ಸೆಂಟ್ ಬರೆದು ಕೊಡ್ತಾರೆ, ಅದೊಂದನ್ನೇ ನೋಡಿದ್ರೆ ಮೋಸ ಹೋಗೋ ಸಾಧ್ಯತೆ ಇದೆ. ನೋಡ್ಬೇಕಾಗಿದ್ದು ಎಇಸಿ, ಅಂದ್ರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇಸ್ನೋಫಿಲ್ ಕಣ ನಿಜವಾಗಿ ಎಷ್ಟಿದೆ ಅನ್ನೋದು. ಒಟ್ಟು ಬಿಳಿ ರಕ್ತಕಣವನ್ನ ಪರ್ಸೆಂಟಿಂದ ಗುಣಿಸಿ ನೂರರಿಂದ ಭಾಗಿಸಿ. ನಿಮ್ಮವರದ್ದು 11,800ರಲ್ಲಿ 33 ಪರ್ಸೆಂಟ್ ಅಂದ್ರೆ 3,894. ನಾದಿನಿದು 7,400ರಲ್ಲಿ 9, ಅಂದ್ರೆ 666. ಸಾಮಾನ್ಯವಾಗಿ 500ರ ಒಳಗೆ ಇರ್ಬೇಕು. 500ರಿಂದ 1,500ರ ತನಕ ಅಸ್ತಮಾ, ಮೂಗಿನ ಅಲರ್ಜಿ, ಚರ್ಮದ ಅಲರ್ಜಿ, ಜಂತುಹುಳ ಇವೆಲ್ಲ ಇದ್ದವರಲ್ಲಿ ಕಾಣ್ತದೆ, ಅದಕ್ಕೆ ಗಾಬರಿ ಬೇಡ. 1,500 ದಾಟಿ ಅಲ್ಲೇ ನಿಂತ್ಕೊಂಡ್ರೆ ಕಾರಣ ಹುಡುಕ್ಲೇಬೇಕು, ಯಾಕಂದ್ರೆ ಈ ಕಣದೊಳಗೆ ಇರೋ ವಿಷದಂಥ ಪ್ರೋಟೀನ್ ಹುಳದ ಮೇಲೆ ಬಿಡೋಕೆ ಅಂತ ಇರೋದು, ಅದು ನಮ್ಮದೇ ಶ್ವಾಸಕೋಶ, ಹೃದಯ, ನರದ ಮೇಲೆ ಸುರಿದ್ರೆ ಅಲ್ಲೂ ಗಾಯ ಮಾಡ್ತದೆ. 3,000 ದಾಟಿ, ಜೊತೆಗೆ ರಾತ್ರಿ ಕೆಮ್ಮು ಅಂದ್ರೆ ನಮ್ಮ ಸೀಮೆಲಿ ಮೊದ್ಲು ನೆನಪಾಗೋ ಹೆಸರು ಒಂದಿದೆ. ಅಂದ್ರೆ ಒಂದೇ ಮನೇಲಿ ಇಬ್ಬರಿಗೂ ಇಸ್ನೋಫಿಲ್ ಜಾಸ್ತಿ ಇದ್ರೂ ಇಬ್ಬರ ಕಾಯಿಲೆ ಒಂದೇ ಅಲ್ಲ, ಮನೆತನದ್ದು ಅಂತ ಸೇರಿಸಿ ನೋಡ್ಬೇಡಿ.

ಆ ಹೆಸರು ಟ್ರಾಪಿಕಲ್ ಪಲ್ಮನರಿ ಇಸ್ನೋಫಿಲಿಯಾ, ನಾವು ಟಿಪಿಇ ಅಂತೀವಿ. ಮೂಲ ಆನೆಕಾಲು ರೋಗದ ಹುಳ, ಫೈಲೇರಿಯಾ. ಕೊಳಚೆ ನೀರಲ್ಲಿ ಹುಟ್ಟಿ ರಾತ್ರಿ ಕಚ್ಚೋ ಕ್ಯೂಲೆಕ್ಸ್ ಸೊಳ್ಳೆ ಇದನ್ನ ಹರಡ್ತದೆ. ಕರಾವಳಿಲಿ ಆರೋಗ್ಯ ಇಲಾಖೆಯವ್ರು ರಾತ್ರಿ ಹೊತ್ತು ಮನೆಗೆ ಬಂದು ಬೆರಳು ಚುಚ್ಚಿ ರಕ್ತ ತಗೊಂಡು ಹೋಗ್ತಿದ್ದದ್ದು ಕೆಲವ್ರಿಗೆ ನೆನಪಿರಬಹುದು, ಯಾಕಂದ್ರೆ ಈ ಹುಳದ ಮರಿಗಳು ರಾತ್ರಿನೇ ರಕ್ತದಲ್ಲಿ ಮೇಲೆ ಬರೋದು. ಸೊಳ್ಳೆ ಕಚ್ಚಿಸ್ಕೊಂಡವರಲ್ಲಿ ಹೆಚ್ಚಿನವ್ರಿಗೆ ಏನೂ ಆಗಲ್ಲ, ಕೆಲವ್ರಿಗೆ ಕಾಲು ಊದ್ತದೆ, ಇನ್ನು ಬಹಳ ಕಡಿಮೆ ಜನರಲ್ಲಿ ದೇಹ ಆ ಮರಿಹುಳದ ಮೇಲೆ ವಿಪರೀತ ಸಿಟ್ಟು ಮಾಡ್ಕೊಳ್ತದೆ. ಮರಿಗಳು ಶ್ವಾಸಕೋಶದ ಸಣ್ಣ ರಕ್ತನಾಳದಲ್ಲಿ ಸಿಕ್ಕಿ ಬೀಳ್ತವೆ, ಅಲ್ಲೇ ದೇಹ ಅವನ್ನ ಕೊಲ್ತದೆ, ಆ ಜಗಳದಲ್ಲಿ ಶ್ವಾಸಕೋಶವೇ ಊದಿಕೊಳ್ತದೆ. ಅದಕ್ಕೇ ಇವರ ರಕ್ತದಲ್ಲಿ ಹುಳ ಹುಡುಕಿದ್ರೆ ಸಿಗಲ್ಲ, ರಾತ್ರಿ ರಕ್ತ ತೆಗೆದ್ರೂ ಸಿಗಲ್ಲ, ಕಾಲು ಊದಿರೋದೂ ಇಲ್ಲ. ಹೆಂಗಸರಿಗಿಂತ ಗಂಡಸರಲ್ಲಿ ಜಾಸ್ತಿ, ಅದೂ ದುಡಿಯೋ ವಯಸ್ಸಿನವ್ರಲ್ಲಿ. ರಾತ್ರಿ ಎಬ್ಬಿಸಿ ಕೂರಿಸೋ ಕೆಮ್ಮು, ಸುಂಯ್ ಸದ್ದು, ಸಣ್ಣ ಜ್ವರ, ತೂಕ ಇಳಿಯೋದು, 3,000ದ ಮೇಲೆ ಇಸ್ನೋಫಿಲ್, ಎಕ್ಸ್‌ರೇಲಿ ಸಣ್ಣ ಚುಕ್ಕೆ, ಹತ್ತು ವರ್ಷದ ಕರಾವಳಿ ವಾಸ. ನೀವು ಬರೆದಿದ್ದು ಓದ್ತಾ ನನಗೆ ಇದೇ ಬಲವಾಗಿ ಅನ್ಸಿದ್ದು. ಆದ್ರೆ ದೂರದಿಂದ ಕಾಯಿಲೆ ಹೆಸರಿಡೋದು ಸರಿಯಲ್ಲ, ಪಕ್ಕಾ ಮಾಡೋ ದಾರಿ ಹೇಳ್ತೀನಿ.

ಇದನ್ನ ಟಿಬಿ ಅಂದ್ಕೊಳ್ಳೋದು ಇವತ್ತಿನ ಕಥೆ ಅಲ್ಲ. ಇದರ ಬಗ್ಗೆ ಮೊದ್ಲು ಬರೆದಿದ್ದೇ ಒಂದು ಟಿಬಿ ಸ್ಯಾನಿಟೋರಿಯಂನವರು, 1940ರಲ್ಲಿ, ನಮ್ಮ ಕೋಲಾರದಿಂದ ಆಚೆ ಆಂಧ್ರದ ಮದನಪಲ್ಲಿಲಿ ಕೆಲಸ ಮಾಡ್ತಿದ್ದ ಫ್ರಿಮೋಟ್ ಮೋಲರ್ ಮತ್ತೆ ಬಾರ್ಟನ್. ಟಿಬಿ ಥರಾನೇ ಕಾಣ್ತದೆ ಆದ್ರೆ ಟಿಬಿ ಅಲ್ಲ, ರಕ್ತದಲ್ಲಿ ಇಸ್ನೋಫಿಲ್ ತುಂಬ್ಕೊಂಡಿದೆ ಅಂತ. 1943ರಲ್ಲಿ ವೈನ್‌ಗಾರ್ಟನ್ ಅನ್ನೋರು ಟ್ರಾಪಿಕಲ್ ಇಸ್ನೋಫಿಲಿಯಾ ಅಂತ ಹೆಸರಿಟ್ರು, ಆಗ ಆರ್ಸೆನಿಕ್ ಇಂಜೆಕ್ಷನ್ ಕೊಟ್ಟು ವಾಸಿ ಮಾಡ್ತಿದ್ರು, ಫೈಲೇರಿಯಾ ಹುಳ ಕಾರಣ ಅಂತ ಖಚಿತ ಆಗಿದ್ದು ಆಮೇಲೆ. ಎಂಬತ್ತು ವರ್ಷ ದಾಟಿದ್ರೂ ಇವತ್ತಿಗೂ ಈ ಎಕ್ಸ್‌ರೇ ನೋಡಿ ಮಿಲಿಯರಿ ಟಿಬಿ (ಶ್ವಾಸಕೋಶದ ತುಂಬಾ ಸಣ್ಣ ಚುಕ್ಕೆಯಾಗಿ ಕಾಣೋ ಟಿಬಿ) ಅಂತ ಆರು ತಿಂಗಳ ಮಾತ್ರೆ ಶುರು ಮಾಡೋದು ನಡೀತಾ ಇದೆ.

ಅದಕ್ಕಂತ ಟಿಬಿ ಅಲ್ಲವೇ ಅಲ್ಲ ಅಂತ ಕೈ ಬಿಡೋದೂ ತಪ್ಪು. ನಾಲ್ಕು ತಿಂಗಳ ಕೆಮ್ಮು, ತೂಕ ಇಳಿದಿದೆ, ಎಕ್ಸ್‌ರೇಲಿ ಚುಕ್ಕೆ, ಇಷ್ಟಿದ್ದು ಕಫ ಪರೀಕ್ಷೆ ಆಗಿಲ್ಲ ಅನ್ನೋದು ಸರಿ ಇಲ್ಲ, ನಾಳೆನೇ ಮಾಡ್ಸಿ. ಸರ್ಕಾರಿ ಆಸ್ಪತ್ರೆಲಿ ದುಡ್ಡಿಲ್ಲದೆ ಆಗ್ತದೆ. ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ ಮೆಶಿನಲ್ಲಿ ಹಾಕಿ ಅಂತ ಕೇಳಿ, ಟಿಬಿ ರೋಗಾಣು ಇದೆಯಾ ಅಂತ ಕೆಲವು ತಾಸಲ್ಲಿ ಹೇಳ್ತದೆ, ಇದ್ರೆ ರಿಫಾಂಪಿಸಿನ್ ಮಾತ್ರೆ ಕೆಲಸ ಮಾಡ್ತದಾ ಅಂತಲೂ ಗೊತ್ತಾಗ್ತದೆ. (ಟ್ರೂನ್ಯಾಟ್ ತಯಾರಾಗೋದು ಕಾರವಾರದ ಪಕ್ಕ ಗೋವಾದಲ್ಲೇ, 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ಕೊಟ್ಟ ಟೆಸ್ಟ್ ಅದು, ಸಣ್ಣ ಊರಿನ ಆಸ್ಪತ್ರೆಗಳಿಗೆ ಇಂಥದ್ದು ಬಂದಿದ್ದು ನಿಜಕ್ಕೂ ದೊಡ್ಡ ಉಪಕಾರ.) ಬೆಳಿಗ್ಗೆ ಎದ್ದ ತಕ್ಷಣ ಬಾಯಿ ಮುಕ್ಕಳಿಸಿ ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಕೊಡ್ಬೇಕು, ಬರೀ ಜೊಲ್ಲು ಕೊಟ್ರೆ ಉಪಯೋಗ ಇಲ್ಲ. ಟಿಬಿಲಿ ಇಸ್ನೋಫಿಲ್ ಇಷ್ಟು ಏರೋದು ರೂಢಿ ಅಲ್ಲ, ಹಾಗಾಗಿ ಕಫ ನೆಗೆಟಿವ್ ಬಂದ್ರೆ ಬರೀ ಎಕ್ಸ್‌ರೇ ನೋಡಿ ಟಿಬಿ ಮಾತ್ರೆ ಶುರು ಮಾಡೋ ಮೊದ್ಲು ಎಇಸಿ ತೋರಿಸಿ ಡಾಕ್ಟ್ರನ್ನ ಒಂದ್ಸಲ ಕೇಳಿ, ಕೇಳೋಕೆ ಹಿಂಜರಿಬೇಡಿ.

ಕಫದ ಜೊತೆಗೆ ಒಟ್ಟು ಐಜಿಇ (ಅಲರ್ಜಿ, ಹುಳ ಇದ್ದಾಗ ದೇಹ ಮಾಡೋ ಒಂದು ಆಂಟಿಬಾಡಿ) ಅಂತ ರಕ್ತದ ಟೆಸ್ಟ್, ಟಿಪಿಇಲಿ ಅದು 1,000 ದಾಟಿರ್ತದೆ, ಎಷ್ಟೋ ಸಲ ಅದಕ್ಕಿಂತ ಎಷ್ಟೋ ಪಟ್ಟು. ಫೈಲೇರಿಯಾ ಆಂಟಿಬಾಡಿ ಟೆಸ್ಟ್ ಸಿಕ್ಕಿದ್ರೆ ಮಾಡ್ಸಿ, ಸಿಗ್ಲಿಲ್ಲ ಅಂದ್ರೆ ಅದಕ್ಕಂತಲೇ ಊರೂರು ಅಲೀಬೇಡಿ. ಊದಿಸಿ ನೋಡೋ ಸ್ಪೈರೋಮೆಟ್ರಿ ಮಾಡ್ಸಿ. ಆಮೇಲೆ ಮಲ ಪರೀಕ್ಷೆ, ಒಂದೇ ದಿನದ್ದಲ್ಲ, ಬೇರೆ ಬೇರೆ ದಿನ ಮೂರು ಸಲ. ಇದನ್ನ ಜನ ನಾಚಿಕೊಂಡು ಬಿಟ್ಟುಬಿಡ್ತಾರೆ, ದಯವಿಟ್ಟು ಬಿಡ್ಬೇಡಿ, ಯಾಕೆ ಅಂತ ಹೇಳ್ತೀನಿ.

ತೋಟದವ್ರು ನೀವು. ಮಳೆಗಾಲದಲ್ಲಿ ಉಂಬಳ (ಜಿಗಣೆ) ಹತ್ತಬಾರ್ದು ಅಂತ ಕಾಲಿಗೆ ಸುಣ್ಣ ಹಚ್ಕೊಂಡು ಬರಿಗಾಲಲ್ಲೇ ತೋಟಕ್ಕೆ ಇಳಿಯೋರು ನಮ್ಮ ಕಡೆ ಎಷ್ಟೋ ಜನ. ಉಂಬಳದಿಂದ ಈ ಕಾಯಿಲೆ ಬರಲ್ಲ, ಆದ್ರೆ ಅದೇ ಒದ್ದೆ ಮಣ್ಣಲ್ಲಿ ಕಣ್ಣಿಗೆ ಕಾಣದ ಎರಡು ಹುಳದ ಮರಿ ಇರ್ತವೆ, ಕೊಕ್ಕೆಹುಳ ಒಂದು, ಸ್ಟ್ರಾಂಗಿಲಾಯ್ಡಿಸ್ ಅನ್ನೋದು ಇನ್ನೊಂದು. ಎರಡೂ ಅಂಗಾಲಿನ ಚರ್ಮ ತೂರಿ ಒಳಗೆ ಹೋಗಿ ರಕ್ತದ ಜೊತೆ ಶ್ವಾಸಕೋಶಕ್ಕೆ ಬಂದು, ಅಲ್ಲಿಂದ ಗಂಟಲಿಗೆ ಹತ್ತಿ, ನುಂಗಿದಾಗ ಕರುಳಿಗೆ ಇಳೀತವೆ. ಶ್ವಾಸಕೋಶ ದಾಟುವಾಗ ಕೆಮ್ಮು, ಇಸ್ನೋಫಿಲ್ ಏರೋದು. ಸ್ಟ್ರಾಂಗಿಲಾಯ್ಡಿಸ್‌ದು ಇನ್ನೂ ಒಂದು ಕೆಟ್ಟ ಗುಣ ಏನಂದ್ರೆ ಅದು ನಮ್ಮ ದೇಹದೊಳಗೇ ಮರಿ ಮಾಡಿ ಮತ್ತೆ ನಮಗೇ ತಗುಲ್ತದೆ, ಹೊರಗಿಂದ ಹೊಸದಾಗಿ ಬರ್ದೇನೇ ದಶಕಗಟ್ಟಲೆ ಒಳಗೆ ಇರ್ತದೆ, ಏನೂ ತೊಂದ್ರೆ ಕೊಡ್ದೇ. ಇಂಥವ್ರಿಗೆ ಸ್ಟಿರಾಯ್ಡ್ ಕೊಟ್ರೆ ಅದನ್ನ ಹತೋಟಿಲಿ ಇಟ್ಟಿದ್ದ ಶಕ್ತಿ ಕುಗ್ಗಿ ಹುಳ ಸಾವಿರಗಟ್ಟಲೆ ಹೆಚ್ಚಿ ಶ್ವಾಸಕೋಶ, ರಕ್ತ, ಮಿದುಳಿನ ತನಕ ಹಬ್ಬಬಹುದು, ಕರುಳಿನ ಬ್ಯಾಕ್ಟೀರಿಯಾನೂ ಜೊತೆಗೆ ಕರ್ಕೊಂಡು ಹೋಗ್ತದೆ, ಪ್ರಾಣಕ್ಕೇ ಬರ್ತದೆ. ಮೆಡಿಕಲ್ ಶಾಪಿನ ವೈಸೋಲೋನ್ ಬಗ್ಗೆ ನಾನು ಇಷ್ಟು ಕಟುವಾಗಿ ಹೇಳೋದಕ್ಕೆ ಇದೇ ಕಾರಣ. ಮಲದಲ್ಲಿ ಈ ಹುಳ ಒಂದು ಸಲಕ್ಕೆ ಸಿಗದೇ ಹೋಗೋದು ಸಾಮಾನ್ಯ, ಅದಕ್ಕೇ ಮೂರು ಸಲ. ಇದಕ್ಕೆ ಐವರ್ಮೆಕ್ಟಿನ್ ಒಳ್ಳೆ ಔಷಧಿ, ಆಲ್ಬೆಂಡಜೋಲ್ ಅಷ್ಟು ಚೆನ್ನಾಗಿ ಕೆಲಸ ಮಾಡಲ್ಲ, ಫೈಲೇರಿಯಾಕ್ಕೆ ಕೊಡೋ ಬಾನೋಸೈಡ್ ನಂಬ್ಕೊಂಡು ಕೂರೋ ಹಾಗಿಲ್ಲ. ಮಣ್ಣಲ್ಲಿ ಬರಿಗಾಲಲ್ಲಿ ಕೆಲಸ ಮಾಡೋರಿಗೆ ಸ್ಟಿರಾಯ್ಡ್ ಶುರು ಮಾಡಲೇಬೇಕು ಅನ್ನೋ ಸಂದರ್ಭ ಬಂದ್ರೆ ರಿಪೋರ್ಟಿಗೆ ಕಾಯದೇನೂ ಮೊದ್ಲೇ ಐವರ್ಮೆಕ್ಟಿನ್ ಕೊಡೋ ವೈದ್ಯರಿದಾರೆ, ಅದು ಜಾಣತನ ಅಂತಲೇ ನನ್ನ ಅಭಿಪ್ರಾಯ.

ಜಂತುಹುಳದ ಕೆಮ್ಮು, ಲೋಫ್ಲರ್ ಅನ್ನೋ ಸ್ವಿಸ್ ವೈದ್ಯರು 1932ರಲ್ಲಿ ವಿವರಿಸಿದ್ದು, ಇದಕ್ಕಿಂತ ಎಷ್ಟೋ ಸೌಮ್ಯ. ಮೊಟ್ಟೆ ಹೊಟ್ಟೆಗೆ ಹೋಗಿ ಒಂದೆರಡು ವಾರಕ್ಕೆ ಮರಿ ಶ್ವಾಸಕೋಶ ದಾಟ್ತದೆ, ಎಕ್ಸ್‌ರೇಲಿ ಇವತ್ತು ಇಲ್ಲಿ ಕಂಡ ಮಬ್ಬು ನಾಲ್ಕು ದಿನ ಬಿಟ್ಟು ಇನ್ನೊಂದು ಕಡೆ ಕಾಣ್ತದೆ, ಎರಡು ಮೂರು ವಾರದಲ್ಲಿ ತಾನಾಗೇ ಹೋಗ್ತದೆ. ಆ ಹೊತ್ತಲ್ಲಿ ಮಲ ಪರೀಕ್ಷೆ ಮಾಡಿದ್ರೂ ಏನೂ ಸಿಗಲ್ಲ, ಹುಳ ಬೆಳೆದು ಮೊಟ್ಟೆ ಇಡೋಕೆ ಎರಡು ಮೂರು ತಿಂಗಳು ಬೇಕು. ನಿಮ್ಮವರದ್ದು ನಾಲ್ಕು ತಿಂಗಳ ಕಥೆ, ಇದಲ್ಲ. ಹಾಗೇ ಯಾರೋ ಏಡಿ ತಿಂದ್ರೆ ಇಸ್ನೋಫಿಲ್ ಬರ್ತದೆ ಅಂತ ಹೇಳಿರಬಹುದು. ಮಣಿಪುರದ ಕಡೆ ಹಸಿ ಅಥವಾ ಅರೆಬೆಂದ ಸಿಹಿನೀರಿನ ಏಡಿ ತಿಂದು ಶ್ವಾಸಕೋಶಕ್ಕೆ ಒಂದು ಹುಳ ತಗುಲಿಸ್ಕೊಳ್ಳೋದು ನಿಜ, ಅದೂ ಟಿಬಿ ಥರಾನೇ ಕಫದಲ್ಲಿ ರಕ್ತ ತರ್ತದೆ. ನಮ್ಮಲ್ಲಿ ಏಡಿನ ಚೆನ್ನಾಗಿ ಕುದಿಸಿ ಸಾರು ಮಾಡೋದು, ಅದಕ್ಕೆ ಹೆದರಬೇಕಾಗಿಲ್ಲ.

ಈಗ ಔಷಧಿ ವಿಷಯ. ಟೆಸ್ಟೆಲ್ಲ ಟಿಪಿಇ ಕಡೆಗೇ ತೋರಿಸಿದ್ರೆ ಕೊಡೋದು ಡಿಇಸಿ, ಅಂದ್ರೆ ಡೈಇಥೈಲ್ ಕಾರ್ಬಮಜಿನ್, ನಿಮ್ಮವ್ರು ತಗೊಂಡ ಬಾನೋಸೈಡ್ ಅದೇ, ಹೆಟ್ರಜಾನ್ ಅಂತಲೂ ಸಿಕ್ತದೆ. ಅದೇ ಔಷಧಿ ಎರಡು ಸಲ ತಗೊಂಡ್ರಲ್ಲ ಯಾಕೆ ಹೋಗ್ಲಿಲ್ಲ ಅಂತ ನೀವು ಕೇಳಬಹುದು. ಐದು ದಿನ ಸಾಲಲ್ಲ, ಅದಕ್ಕೇ. ರೂಢಿಲಿ ಇರೋ ಪ್ರಮಾಣ ದಿನಕ್ಕೆ ಒಂದು ಕೆಜಿ ತೂಕಕ್ಕೆ 6 ಮಿಲಿಗ್ರಾಂ, ಅದನ್ನ ಮೂರು ಹೊತ್ತಿಗೆ ಹಂಚಿ, ಮೂರು ವಾರ. 60 ಕೆಜಿ ಇರೋರಿಗೆ ದಿನಕ್ಕೆ 360 ಮಿಲಿಗ್ರಾಂ ಆಯ್ತು. ಐದು ದಿನ ಅರ್ಧಂಬರ್ಧ ತಗೊಂಡು, ಜೊತೆಗೆ ಸ್ಟಿರಾಯ್ಡ್ ಸೇರಿ ಆರಾಮಾಗಿದ್ದು ಯಾವುದರಿಂದ ಅಂತಲೂ ಗೊತ್ತಾಗ್ದೇ ಹೋಯ್ತು. ಡಿಇಸಿ ಒಂದನ್ನೇ ಸರಿಯಾಗಿ ಕೊಟ್ಟಾಗ ಟಿಪಿಇ ಇರೋರಲ್ಲಿ ಒಂದು ವಾರ ಹತ್ತು ದಿನದೊಳಗೆ ರಾತ್ರಿ ನಿದ್ದೆ ಬರೋಕೆ ಶುರುವಾಗ್ತದೆ, ಎಇಸಿ ಚೆನ್ನಾಗಿ ಇಳೀತದೆ. ಈ ಇಳಿಕೆಯೇ ಕಾಯಿಲೆ ಅದೇ ಅನ್ನೋದಕ್ಕೆ ಒಂದು ದೊಡ್ಡ ಪುರಾವೆ. ಇಳಿಯದೇ ಹಾಗೇ ಇದ್ರೆ ಬೇರೆ ಕಾರಣ ಹುಡುಕೋಕೆ ಹೊರಡಬೇಕು, ಅದಕ್ಕೇ ಈ ಮೂರು ವಾರ ಮಧ್ಯೆ ಸ್ಟಿರಾಯ್ಡ್ ನುಸುಳಬಾರದು, ನೆಗಡಿಗೆ ಅಂತ ಯಾರೋ ಕೊಟ್ಟ ಕಲೆಸಿದ ಮಾತ್ರೆನೂ ಬೇಡ. ಮೊದಲ ದಿನಗಳಲ್ಲಿ ತಲೆನೋವು, ವಾಕರಿಕೆ, ಜ್ವರ ಬರಬಹುದು, ಊಟ ಆದ್ಮೇಲೆ ತಗೊಂಡ್ರೆ ತಡ್ಕೊಳ್ಳೋಕೆ ಆಗ್ತದೆ. ಬಸುರಿಯರು ತಗೊಳ್ಳೋ ಹಾಗಿಲ್ಲ. ಐದರಲ್ಲಿ ಒಬ್ಬರಿಗೆ ಹತ್ತಿರ ಹತ್ತಿರ ಮತ್ತೆ ಮರುಕಳಿಸೋದು ಇದೆ, ಆಗ ಇನ್ನೊಂದು ಪೂರ್ತಿ ಕೋರ್ಸ್ ಬೇಕಾಗ್ತದೆ, ಹಾಗಾಗಿ ಮುಗಿದು ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ಎಇಸಿ ನೋಡ್ತಾ ಇರಿ. ಸುಂಯ್ ಸದ್ದಿಗೆ ಅಸ್ತಾಲಿನ್ ಇನ್ಹೇಲರ್ ತಗೊಂಡ್ರೆ ತೊಂದ್ರೆ ಇಲ್ಲ, ಅದು ಸ್ಟಿರಾಯ್ಡ್ ಅಲ್ಲ, ರಕ್ತದ ಲೆಕ್ಕ ಕೆಡಿಸಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳ್ಬಿಡ್ತೀನಿ, ಇದನ್ನ ಓದೋ ಬೇರೆಯವ್ರಿಗೆ. ಯಾರಾದ್ರೂ ಈಗಾಗ್ಲೇ ಮೂರ್ನಾಲ್ಕು ವಾರದಿಂದ ದಿನಾ ಪ್ರೆಡ್ನಿಸೋಲೋನ್ ತಗೊಳ್ತಾ ಇದ್ರೆ ನನ್ನ ಮಾತು ಕೇಳಿ ದಿಢೀರ್ ನಿಲ್ಲಿಸ್ಬೇಡಿ. ದೇಹ ತನ್ನ ಸ್ವಂತ ಸ್ಟಿರಾಯ್ಡ್ ಮಾಡೋದನ್ನ ನಿಲ್ಲಿಸಿರ್ತದೆ, ಒಮ್ಮೆಲೇ ಬಿಟ್ರೆ ಬಿಪಿ ಬಿದ್ದು ಕುಸಿದು ಹೋಗ್ತಾರೆ. ಡಾಕ್ಟ್ರ ಹತ್ರ ಕೇಳಿ ನಿಧಾನ ಇಳಿಸ್ಬೇಕು.

ನಾದಿನಿ ವಿಷಯಕ್ಕೆ ಬರ್ತೀನಿ. 666 ಅನ್ನೋದು ಅಸ್ತಮಾ ಇರೋರಲ್ಲಿ ನಿರೀಕ್ಷೆ ಮಾಡೋ ಸಂಖ್ಯೆನೇ. ಅಸ್ತಮಾದಲ್ಲಿ ಇಸ್ನೋಫಿಲ್ 300ಕ್ಕಿಂತ ಮೇಲಿದೆ ಅಂದ್ರೆ ಸ್ಟಿರಾಯ್ಡ್ ಇರೋ ಇನ್ಹೇಲರ್ ಆಕೆಗೆ ಚೆನ್ನಾಗಿ ಹಿಡೀತದೆ ಅಂತ ಅರ್ಥ. ಇಲ್ಲಿ ಗೊಂದಲ ಮಾಡ್ಕೋಬೇಡಿ, ನಾನು ಬೇಡ ಅಂತಿರೋದು ಕಾರಣ ಗೊತ್ತಿಲ್ದೇ ನುಂಗೋ ಮಾತ್ರೆನ, ಫೋರಾಕಾರ್ಟ್ ಥರದ ಇನ್ಹೇಲರಲ್ಲಿ ಹೋಗೋದು ಅತಿ ಸಣ್ಣ ಪ್ರಮಾಣ, ನೇರ ಶ್ವಾಸನಾಳಕ್ಕೆ, ಅದನ್ನ ದಿನಾ ತಪ್ಪದೇ ತಗೊಂಡು ಆಮೇಲೆ ಬಾಯಿ ಮುಕ್ಕಳಿಸಿದ್ರೆ ಸಾಕು. ಬಹಳ ಜನ ಕೆಮ್ಮು ಕಮ್ಮಿ ಆದ ತಕ್ಷಣ ಇನ್ಹೇಲರ್ ಅಟ್ಟಕ್ಕೆ ಹಾಕ್ತಾರೆ, ಆಮೇಲೆ ಮಳೆ ಹಿಡಿದಾಗ ಓಡಿ ಬರ್ತಾರೆ. ನಾದಿನಿ ದಿನಾ ತಗೊಂಡ್ರೂ ಮತ್ತೆ ಮತ್ತೆ ದಮ್ಮು ಬರ್ತದೆ, ಕಫದಲ್ಲಿ ಕಂದು ಬಣ್ಣದ ರಬ್ಬರಿನಂಥ ಗಟ್ಟಿ ತುಂಡು ಬರ್ತದೆ ಅಂತಿದ್ರೆ ಮಾತ್ರ ಒಟ್ಟು ಐಜಿಇ ಮತ್ತೆ ಆಸ್ಪರ್ಜಿಲಸ್ ಐಜಿಇ ಟೆಸ್ಟ್ ಮಾಡ್ಸಿ. ಆಸ್ಪರ್ಜಿಲಸ್ ಅಂದ್ರೆ ಬೂಸ್ಟು, ಕೊಳೀತಾ ಇರೋ ಎಲೆ, ಗೊಬ್ಬರದಲ್ಲಿ ಬೆಳಿಯೋ ಫಂಗಸ್. ಬೆಟ್ಟದಿಂದ ದರಕು (ಒಣಗಿದ ಎಲೆ) ತಂದು ಕೊಟ್ಟಿಗೆಗೆ ಹಾಸಿ, ಆಮೇಲೆ ಆ ಗೊಬ್ಬರ ಎಳೆದು ಗುಂಡಿಗೆ ಹಾಕುವಾಗ ಬಿಸಿ ಹಬೆ ಜೊತೆ ಬೂದಿಯಂಥ ದೂಳು ಏಳ್ತದಲ್ಲ, ಅದರಲ್ಲಿ ಇದರ ಬೀಜಕಣ ತುಂಬಿರ್ತದೆ. ಎಲ್ರೂ ಉಸಿರಾಡ್ತೀವಿ, ಏನೂ ಆಗಲ್ಲ, ಆದ್ರೆ ಅಸ್ತಮಾ ಇರೋ ಕೆಲವ್ರ ಶ್ವಾಸನಾಳದಲ್ಲಿ ಅದು ಮನೆ ಮಾಡ್ಕೊಂಡು ಅಲರ್ಜಿ ಎಬ್ಬಿಸ್ತದೆ, ಎಬಿಪಿಎ ಅಂತ ಹೆಸರು. ಬಿಟ್ರೆ ಶ್ವಾಸನಾಳ ಹಿಗ್ಗಿ ಹಾಳಾಗ್ತದೆ, ಎಕ್ಸ್‌ರೇ ನೋಡಿ ಇದನ್ನೂ ಟಿಬಿ ಅಂತ ಚಿಕಿತ್ಸೆ ಮಾಡಿಸ್ಕೊಂಡೋರು ನಮ್ಮ ದೇಶದಲ್ಲಿ ಬಹಳ. ಇದಕ್ಕಾದ್ರೆ ಪ್ರೆಡ್ನಿಸೋಲೋನ್ ಅಥವಾ ಇಟ್ರಾಕೊನಜೋಲ್ ತಿಂಗಳುಗಟ್ಟಲೆ ಬೇಕು, ಅದೂ ಲೆಕ್ಕ ಹಾಕಿ ಇಳಿಸ್ತಾ. ಇನ್ಹೇಲರಿಗೂ ಬಗ್ಗದ ಜೋರು ಇಸ್ನೋಫಿಲ್ ಅಸ್ತಮಾಕ್ಕೆ ಮೆಪೋಲಿಜುಮ್ಯಾಬ್, ಬೆನ್ರಾಲಿಜುಮ್ಯಾಬ್ ಅಂತ ಇಂಜೆಕ್ಷನ್ ಬಂದಿವೆ, ಬಹಳ ದುಬಾರಿ, ನಾದಿನಿಗೆ ಈಗ ಆ ಮಾತು ಬೇಡ. ಗೊಬ್ಬರ ತೆಗೆಯೋ ಕೆಲಸದಿಂದ ಆಕೆನ ದೂರ ಇಡಿ, ಅಡಿಕೆ ಸುಲಿಯುವಾಗ ಚಾಲಿ ದೂಳಿಗೆ ಮಾಸ್ಕ್ ಹಾಕ್ಲಿ, ಮಳೆಗಾಲದಲ್ಲಿ ಬೂಸ್ಟು ಹಿಡಿದ ಗೋಡೆ ಇರೋ ಕೋಣೇಲಿ ಮಲಗಬಾರದು.

ಅಡಿಕೆ ದೂಳು, ಹುಲ್ಲಿನ ದೂಳಿಂದ ಬರೋ ಇನ್ನೊಂದು ಶ್ವಾಸಕೋಶದ ಕಾಯಿಲೆ ಇದೆ, ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಅಂತ, ಅದರಲ್ಲಿ ಸಾಮಾನ್ಯವಾಗಿ ಇಸ್ನೋಫಿಲ್ ಏರಲ್ಲ. ಎರಡನ್ನೂ ಕಲಸಿಕೊಂಡು ಕೇಳೋರು ಇದಾರೆ ಅಂತ ಹೇಳಿದೆ.

ಡಿಇಸಿ ಮೂರು ವಾರ ಆದ್ರೂ ನಿಮ್ಮವರ ಎಇಸಿ ಇಳೀಲಿಲ್ಲ, ಹುಳ ಇಲ್ಲ, ಟಿಬಿ ಇಲ್ಲ ಅಂತ ಆದ್ರೆ ಆಗ ಸಿಟಿ ಸ್ಕ್ಯಾನ್ ಮಾಡಿಸ್ಬೇಕು, ಕೆಲವೊಮ್ಮೆ ಬ್ರಾಂಕೋಸ್ಕೋಪಿ ಹಾಕಿ ಶ್ವಾಸಕೋಶ ತೊಳೆದ ನೀರಲ್ಲಿ ಇಸ್ನೋಫಿಲ್ ಎಷ್ಟಿದೆ ನೋಡಬೇಕು. ಕ್ರಾನಿಕ್ ಇಸ್ನೋಫಿಲಿಕ್ ನ್ಯುಮೋನಿಯಾ ಅಂತ ಒಂದಿದೆ, ಅದು ಹೆಂಗಸರಲ್ಲಿ ಜಾಸ್ತಿ, ಸಿಗರೇಟು ಸೇದದವ್ರಲ್ಲೇ ಜಾಸ್ತಿ, ಶ್ವಾಸಕೋಶದ ಅಂಚಲ್ಲಿ ಮಬ್ಬು ಕಾಣ್ತದೆ, ಸ್ಟಿರಾಯ್ಡಿಗೆ ಎರಡು ಮೂರು ದಿನದಲ್ಲೇ ಕರಗೋಕೆ ಶುರುವಾಗ್ತದೆ, ಬಿಟ್ರೆ ಮರುಕಳಿಸ್ತದೆ. ಅಕ್ಯೂಟ್ ಇಸ್ನೋಫಿಲಿಕ್ ನ್ಯುಮೋನಿಯಾ ಬೇರೆ, ಅದು ಹೊಸದಾಗಿ ಸಿಗರೇಟು ಶುರು ಮಾಡಿದ ಹುಡುಗರಲ್ಲಿ ಕಾಣ್ತದೆ, ಕೆಲವೇ ದಿನದಲ್ಲಿ ಜ್ವರ, ಉಸಿರಾಟ ಕಷ್ಟ, ವೆಂಟಿಲೇಟರ್ ತನಕ ಹೋಗಬಹುದು, ಆದ್ರೆ ಸುರುವಲ್ಲಿ ರಕ್ತದ ಇಸ್ನೋಫಿಲ್ ಸರಿಯಾಗೇ ಇರ್ತದೆ, ತೊಳೆದ ನೀರಲ್ಲಿ ಮಾತ್ರ 25 ಪರ್ಸೆಂಟ್ ಮೇಲೆ. ಮಾತ್ರೆಗಳಿಂದಲೂ ಇಸ್ನೋಫಿಲ್ ಏರ್ತದೆ, ನೋವಿನ ಮಾತ್ರೆ, ಮೂತ್ರದ ಸೋಂಕಿಗೆ ಕೊಡೋ ನೈಟ್ರೋಫ್ಯುರಂಟಾಯಿನ್, ಸಲ್ಫಾ ಮಾತ್ರೆ, ಹಾಗಾಗಿ ಡಾಕ್ಟ್ರ ಹತ್ರ ಹೋಗುವಾಗ ಕಳೆದ ಆರು ತಿಂಗಳಲ್ಲಿ ತಗೊಂಡ ಮಾತ್ರೆಯ ಚೀಟಿ, ಖಾಲಿ ಸ್ಟ್ರಿಪ್ಪು, ಪುಡಿಕಟ್ಟಿನ ಔಷಧಿ ಏನಾದ್ರೂ ಇದ್ರೆ ಅದೂ ಸೇರಿಸಿ ಒಂದು ಚೀಲದಲ್ಲಿ ತಗೊಂಡು ಹೋಗಿ.

ಇವೆಲ್ಲದರಲ್ಲಿ ತಡ ಮಾಡಲೇಬಾರದ್ದು ಇಜಿಪಿಎ ಅನ್ನೋದು, ಮೊದ್ಲು ಚರ್ಗ್ ಸ್ಟ್ರಾಸ್ ಅಂತಿದ್ರು. ಅಸ್ತಮಾ ಇದ್ದು, ಮೂಗು ಸದಾ ಕಟ್ಟಿದ್ದು, ಇಸ್ನೋಫಿಲ್ 1,500 ದಾಟಿ, ಜೊತೆಗೆ ಒಂದು ದಿನ ಪಾದ ಎತ್ತೋಕೆ ಆಗ್ದೇ ಚಪ್ಪಲಿ ಜಾರಿ ಹೋಗೋದು, ಕೈಕಾಲು ಜೋಮು, ಮೈಮೇಲೆ ಕೆಂಪು ನೇರಳೆ ಗುಳ್ಳೆ, ಎದೆ ನೋವು ಬಂದ್ರೆ ಅದು ರಕ್ತನಾಳದ ಉರಿಯೂತ, ಹೃದಯಕ್ಕೂ ಬರ್ತದೆ. ಅಲ್ಲಿ ಸ್ಟಿರಾಯ್ಡ್ ಬೇಗ ಮತ್ತೆ ಜೋರಾಗಿ ಬೇಕು. ನಿಮ್ಮವರಲ್ಲಿ ಈ ಲಕ್ಷಣ ಯಾವ್ದೂ ಬರೆದಿಲ್ಲ, ಆದ್ರೂ ಕೇಳಿ ನೋಡಿ, ಗಂಡಸರು ಇಂಥದ್ದನ್ನ ತಾವಾಗಿ ಹೇಳಲ್ಲ. ತಿಂಗಳುಗಟ್ಟಲೆ 1,500ರ ಮೇಲೆ ಇದ್ದಿದ್ದಕ್ಕೆ ಒಂದು ಇಸಿಜಿ, ಎಕೋ ಮಾಡಿಸ್ಕೊಂಡ್ರೆ ಒಳ್ಳೇದು.

ಎಲ್ಲಿ ತೋರಿಸ್ಬೇಕು ಅಂದ್ರಲ್ಲ. ನಮ್ಮ ಜಿಲ್ಲೆಯವ್ರಿಗೆ ಯಾವ್ದೇ ಕಾಯಿಲೆ ಬಂದ್ರೂ ಹುಬ್ಬಳ್ಳಿ, ಮಣಿಪಾಲ, ಗೋವಾ ಅಂತ ಘಟ್ಟ ಹತ್ತಿ ಇಳಿಯೋದೇ ಆಗಿದೆ, ಆ ಕಷ್ಟ ನನಗೆ ಗೊತ್ತು, ದೊಡ್ಡ ಆಸ್ಪತ್ರೆ ಬೇಕು ಅಂತ ಜನ ಕೂಗಿದ್ದರಲ್ಲಿ ನ್ಯಾಯ ಇದೆ. ಆದ್ರೆ ನಿಮ್ಮವರಿಗೆ ಈಗ ಬೇಕಾಗಿದ್ದು ರಕ್ತ, ಕಫ, ಮಲ, ಎಕ್ಸ್‌ರೇ ಮತ್ತೆ ಸರಿಯಾಗಿ ಮೂರು ವಾರದ ಮಾತ್ರೆ, ಇದಿಷ್ಟೂ ಶಿರಸಿಲೇ ಆಗ್ತದೆ, ಐಜಿಇ ಸ್ಯಾಂಪಲ್ ಹೊರಗೆ ಕಳಿಸಿ ತರಿಸ್ತಾರೆ. ಒಬ್ಬ ಫಿಸಿಶಿಯನ್ನರನ್ನ ಹಿಡ್ಕೊಳ್ಳಿ, ಮಧ್ಯೆ ಬದಲಾಯಿಸ್ಬೇಡಿ. ಇಳೀದೇ ಇದ್ರೆ ಆಗ ಎದೆರೋಗ ತಜ್ಞರು, ಸಿಟಿ ಎಲ್ಲ ಇರೋ ಕಡೆ, ಕಾರವಾರದ ಮೆಡಿಕಲ್ ಕಾಲೇಜ್ ಆಗಬಹುದು ಹುಬ್ಬಳ್ಳಿ ಆಗಬಹುದು, ನಿಮಗೆ ಬಸ್ಸು ಅನುಕೂಲ ಇರೋ ಕಡೆ. ಕೂತಲ್ಲೇ ಉಸಿರು ಸಾಲದೇ ಹೋಗೋದು, ಬೆರಳಿಗೆ ಹಾಕೋ ಆಕ್ಸಿಮೀಟರಲ್ಲಿ 92ಕ್ಕಿಂತ ಕೆಳಗೆ, ಕಫದಲ್ಲಿ ರಕ್ತ, ಎದೆ ನೋವು, ಪಾದ ಬೀಳೋದು, ಇದ್ರಲ್ಲಿ ಒಂದು ಕಂಡ್ರೂ ಟೆಸ್ಟಿಗೆ ಕಾಯದೇ ಅದೇ ದಿನ ಹೊರಡಿ.

ಮಕ್ಕಳಿಗೆ ಇಸ್ನೋಫಿಲಿಯಾ ಒಬ್ಬರಿಂದ ಒಬ್ಬರಿಗೆ ಹರಡಲ್ಲ, ಒಂದೇ ತಟ್ಟೆಲಿ ಉಂಡ್ರೂ ಹರಡಲ್ಲ. ಕಫದ ರಿಪೋರ್ಟ್ ಬರೋ ತನಕ ಟಿಬಿ ಅನುಮಾನಕ್ಕೆ ಮಾತ್ರ ಅವರು ಬೇರೆ ಕೋಣೇಲಿ ಮಲಗ್ಲಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡೀಲಿ, ಕಿಟಕಿ ತೆಗೆದಿಡಿ. ಮಕ್ಕಳಿಗೆ ಜಂತುಹುಳದ ಮಾತ್ರೆ ಫೆಬ್ರವರಿ 10 ಮತ್ತೆ ಆಗಸ್ಟ್ 10ರ ಸುಮಾರಿಗೆ ಶಾಲೆ, ಅಂಗನವಾಡಿಲಿ ಕೊಡ್ತಾರೆ, 19 ವರ್ಷದ ತನಕ, ತಪ್ಪಿಸ್ಬೇಡಿ. ಇಡೀ ಮನೆಗೆ ಸೊಳ್ಳೆಪರದೆ ಕಟ್ಟಿ, ತೋಟಕ್ಕೆ ಹೋಗುವಾಗ ನಿಮ್ಮವ್ರೂ ಆಳುಗಳೂ ಗಮ್‌ಬೂಟ್ ಹಾಕ್ಲಿ. ಬಾಳೆಹಣ್ಣು ಮೊಸರಿಂದ ಇಸ್ನೋಫಿಲ್ ಏರಲ್ಲ, ಐದು ಕೆಜಿ ಇಳಿದಿರೋ ಮನುಷ್ಯನಿಗೆ ಅದನ್ನೂ ಬಿಡಿಸಿದ್ರೆ ಇನ್ನೂ ಸೊರಗ್ತಾರೆ, ಇವತ್ತು ರಾತ್ರಿನೇ ಊಟಕ್ಕೆ ಮೊಸರು ಹಾಕಿ. ಕಾಳುಮೆಣಸಿನ ಕಷಾಯ ಗಂಟಲಿಗೆ ಹಿತ, ಕುಡೀಲಿ. ಟೆಸ್ಟಿನ ರಿಪೋರ್ಟೆಲ್ಲ ಬಂದ್ಮೇಲೆ ಐಜಿಇ ಎಷ್ಟು, ಕಫ ಏನಾಯ್ತು, ಡಿಇಸಿ ಶುರು ಮಾಡಿ ಹತ್ತು ದಿನಕ್ಕೆ ಎಇಸಿ ಎಷ್ಟಾಯ್ತು ಅಂತ ಈ ಮೂರನ್ನ ತಾರೀಕಿನ ಸಮೇತ ಬರೆದು ಕಳ್ಸಿ, ಮುಂದೇನು ಅಂತ ಅದನ್ನ ನೋಡಿ ಹೇಳ್ತೀನಿ.